ನಿಕಾನೊರ್ ಮುಚ್ಚಿಟ್ಟ ನೋವು

ನನ್ನ ಗಂಡ ನಿಕಾನೊರ್ ತಿಂಗಳಿಗೆ ಎರಡು ಗುರುವಾರ ಸ್ಪೀಕರ್ ವೈರು ತರಲು ಸಿನ್ಸೆಲೇಹೊ ಪೇಟೆಗೆ ಹೋಗುತ್ತಾನೆ ಎಂದು ನಾಲ್ಕು ತಿಂಗಳು ನಂಬಿದ್ದೆ. ಐದನೆಯ ತಿಂಗಳು ಹಿತ್ತಲಿನ ಶೆಡ್ಡಿಗೆ ಹೋಗಿ ವೈರು ಎಷ್ಟಿದೆ ಎಂದು ನೋಡಿದೆ. ಧೂಳು ಹಿಡಿದ ಎರಡು ಹಳೆಯ ಸುರುಳಿಗಳಿದ್ದವು, ಅಷ್ಟೆ. ಹೊಸದೊಂದು ತುಂಡೂ ಇರಲಿಲ್ಲ.

ನಾನು ಕೂಗಾಡಲಿಲ್ಲ. ಮಗಾಂಗೆಯ ನದಿ ಬಂದರಿನಲ್ಲಿ ಹದಿನೆಂಟು ವರ್ಷದಿಂದ ಮೆಕ್ಕೆಜೋಳದ ರೊಟ್ಟಿಯೊಳಗೆ ಮೊಟ್ಟೆ ಒಡೆದು ಹಾಕಿ ಅರೇಪಾ ಕರಿದು ಮಾರುತ್ತಿದ್ದೇನೆ. ದೋಣಿ ಇಳಿದು ಬರುವ ಗಂಡಸು ಮನೆಗೆ ಹೊರಟಿದ್ದಾನೋ ಇನ್ನೆಲ್ಲಿಗೋ ಎಂದು ಅವನು ಕಾಫಿ ಕುಡಿಯುವ ಬಗೆಯಲ್ಲೇ ಹೇಳಬಲ್ಲೆ. ಅಂಥವಳ ಕಣ್ಣಿಗೆ ಸ್ವಂತ ಗಂಡ ನಾಲ್ಕು ತಿಂಗಳು ಮಣ್ಣೆರಚಿದ್ದ. ಅದೇ ನನಗೆ ಹೆಚ್ಚು ಉರಿದದ್ದು.

ಆಮೇಲೆ ಒಂದೊಂದಾಗಿ ಕಾಣತೊಡಗಿತು. ಒಳಚಡ್ಡಿಗಳನ್ನು ತಾನೇ ಒಗೆದುಕೊಳ್ಳುತ್ತಿದ್ದ. ಮಲಗಿದರೆ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುತ್ತಿದ್ದ. ನಾನು ಕೈ ಚಾಚಿದರೆ "ಸುಸ್ತಾಗಿದೆ ಎದಿಲ್ಮಾ" ಎನ್ನುತ್ತಿದ್ದ. ಅವನದು ಪಿಕೊ ಬಾಡಿಗೆಗೆ ಕೊಡುವ ಕೆಲಸ. ಪಿಕೊ ಎಂದರೆ ಆಳೆತ್ತರದ ಎಂಟು ಸ್ಪೀಕರ್ ಪೆಟ್ಟಿಗೆಗಳು, ಅವುಗಳ ಮುಂದೆ ಬಾಯಿ ತೆರೆದ ಮೊಸಳೆಯ ಚಿತ್ರ. ಮದುವೆ, ನಾಮಕರಣ, ಸಂತರ ಹಬ್ಬ ಎಲ್ಲದಕ್ಕೂ ಅವನ್ನು ಲಾರಿಗೆ ಹೇರಿ ನದಿಯ ಎರಡೂ ದಡದ ಊರುಗಳಿಗೆ ಒಯ್ಯುತ್ತಿದ್ದ. ಹಬ್ಬಗಳಲ್ಲಿ ಹೆಂಗಸರಿಗೇನು ಬರವೇ! ಲೆಕ್ಕ ಸರಿಯಾಗಿ ಕೂಡುತ್ತಿದೆ ಎಂದುಕೊಂಡೆ.

ಒಂದು ಭಾನುವಾರ ಅವನ ಹಬ್ಬದ ಬೂಟುಗಳಿಗೆ ಪಾಲಿಶ್ ಹಾಕಲು ಹೊರಟಾಗ ಬಲಗಾಲಿನ ಬೂಟಿನೊಳಗೆ ಮಾತ್ರೆಯ ಹಾಳೆ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ಅದನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಮೂಲೆಯ ಔಷಧದಂಗಡಿಗೆ ಹೋದೆ. ಅಂಗಡಿಯ ಲಾಸ್ತೇನಿಯಾ ಕನ್ನಡಕ ಏರಿಸಿ ಹಾಳೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಯಾರಿಗೆ ಬರೆದುಕೊಟ್ಟಿದ್ದು ಇದು?"

"ಪಕ್ಕದ ಮನೆಯವಳ ಗಂಡನಿಗೆ."

"ಹಾಗಾದ್ರೆ ಪಕ್ಕದ ಮನೆಯವಳಿಗೆ ಹೇಳು, ಇದನ್ನ ಹಾಲಿನ ಜೊತೆ ನುಂಗಬಾರದು. ಆಮೇಲೆ ಅವಳ ಗಂಡ ಯಾವ್ಯಾವ ಮಂಚದ ಮೇಲೆ ಬಿದ್ದು ಬಂದಿದ್ದಾನೋ ಅದನ್ನೂ ಕೇಳ್ಕೊಳ್ಳಲಿ." ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಪಾಪದ ಹೆಂಗಸು. ನಾನು ಯಾರಿಗೂ ಹೇಳಲ್ಲ ಬಿಡು."

ಅವಳು ಹೇಳದೆ ಬಿಡುವವಳಲ್ಲ ಎಂಬುದು ನನಗೆ ಗೊತ್ತು.

ಮಧ್ಯಾಹ್ನ ನಿಕಾನೊರ್ ಊಟಕ್ಕೆ ಕೂತ. ಬೊಕಾಚಿಕೊ ಮೀನಿನ ಸಾರು ಬಡಿಸಿ, ತಟ್ಟೆಯ ಪಕ್ಕದಲ್ಲಿ ಚಮಚದ ಬದಲು ಆ ಮಾತ್ರೆ ಹಾಳೆ ಇಟ್ಟೆ.

ಅವನು ಬಹಳ ಹೊತ್ತು ಅದನ್ನೇ ನೋಡಿದ.

"ಯಾರವಳು?" ಅಂದೆ.

"ಯಾವಳೂ ಇಲ್ಲ."

"ನಿಕಾನೊರ್, ಸಾರು ಬಿಸಿಯಾಗಿದೆ. ತಲೆ ಮೇಲೆ ಸುರಿಯೋಕೂ ಆಗುತ್ತೆ."

"ಬೀಜ ನೋಯ್ತದೆ ಕಣೇ," ಎಂದ. ತಟ್ಟೆಯನ್ನು ನೋಡುತ್ತಲೇ ಹೇಳಿದ. "ಬಲಗಡೆದು. ಒಂದೂವರೆ ವರ್ಷ ಆಯ್ತು. ಯಾರೋ ಮುಷ್ಟೀಲಿ ಹಿಡ್ಕೊಂಡು ಬಿಡದೇ ಇದ್ದ ಹಾಗೆ. ಲಾರೀಲಿ ಕೂತ್ರೆ ಪ್ರಾಣ ಹೋಗುತ್ತೆ. ಒಂದೊಂದು ಸಲ ಚಡ್ಡಿ ತಾಗಿದ್ರೂ ಬೆಂಕಿ ಇಟ್ಟ ಹಾಗಾಗುತ್ತೆ. ಸಿನ್ಸೆಲೇಹೊ ಕ್ಲಿನಿಕ್‌ಗೆ ಹೋಗ್ತಿದ್ದೆ, ಡಾಕ್ಟರ್ ಹತ್ರ."

ನನಗೆ ನಗು ಬಂತು. ಸಂತೋಷದ ನಗುವಲ್ಲ. ಒಂದೂವರೆ ವರ್ಷ ನೋವಿಟ್ಟುಕೊಂಡು ಹೆಂಡತಿಗೆ ಹೇಳದ ಗಂಡಸು ಈ ಊರಿನಲ್ಲಿ ಎಲ್ಲಿದ್ದಾನೆ? ಇವರಿಗೆ ಮೀನಿನ ಮುಳ್ಳು ಚುಚ್ಚಿದರೂ ಬೀದಿಗೆಲ್ಲ ಕೇಳಿಸುತ್ತದೆ.

"ಹೇಳೋಕೆ ಏನು ಕಷ್ಟ ಇತ್ತು?"

"ಡಾಕ್ಟರ್ ಮೊದಲನೇ ದಿನವೇ ಹೇಳಿದ್ರು, ಇದು ಹೊರಗಿನಿಂದ ಅಂಟಿರೋ ಸೋಂಕು, ಹೆಂಡತಿಗೂ ಮಾತ್ರೆ ಕೊಡಿ ಅಂತ. ನಿನಗೆ ಹ್ಯಾಗೆ ಹೇಳಲಿ? ಹೇಳಿದ್ರೆ ನೀನು ನಂಬ್ತಿದ್ಯಾ?"

"ಈಗಲೂ ನಂಬಿಲ್ಲ," ಅಂದೆ. "ಬರೋ ಗುರುವಾರ ನಾನೂ ಬರ್ತೀನಿ. ಡಾಕ್ಟರ ಬಾಯಿಂದಲೇ ಕೇಳ್ತೀನಿ."

ಕ್ಲಿನಿಕ್ಕಿನ ಡಾಕ್ಟರ ಹೆಸರು ಅಮೌರಿ. ತಣ್ಣನೆಯ ಕೋಣೆ, ಗೋಡೆಯ ಮೇಲೆ ಮೂರು ಪದವಿ ಪತ್ರಗಳು. ನಿಕಾನೊರನನ್ನು ಮಂಚ ಹತ್ತಲು ಹೇಳಲಿಲ್ಲ, ಮುಟ್ಟಿಯೂ ನೋಡಲಿಲ್ಲ. ಕಾಗದಗಳನ್ನು ತಿರುವುತ್ತ ಮಾತಾಡಿದರು.

"ಮೂರು ಸಲ ಮಾತ್ರೆ ಕೊಟ್ಟೆ. ಗುಣ ಆಗ್ಲಿಲ್ಲ ಅಂದ್ರೆ ಮತ್ತೆ ಮತ್ತೆ ಎಲ್ಲಿಂದಲೋ ಅಂಟ್ತಾ ಇದೆ ಅಂತ." ಆಗ ತಲೆ ಎತ್ತಿ ನನ್ನ ಕಡೆ ನೋಡಿದರು. "ಸೆನ್ಯೋರಾ, ನೀವೇನು ಕೆಲಸ ಮಾಡೋದು?"

"ಬಂದರಿನಲ್ಲಿ ತಿಂಡಿ ಮಾರ್ತೀನಿ."

"ಓ, ಬಂದರಿನಲ್ಲಿ," ಎಂದರು ಡಾಕ್ಟರು. ಅಷ್ಟೇ. ಆದರೆ ಆ 'ಓ' ಎಂಬುದನ್ನು ಅವರು ಎಳೆದ ರೀತಿ ನಿಕಾನೊರನ ಕಿವಿಗೆ ಹೊಕ್ಕದ್ದು ನನಗೆ ಕಂಡಿತು. ಇಬ್ಬರಿಗೂ ರಕ್ತ, ಮೂತ್ರ ಎಲ್ಲ ಪರೀಕ್ಷೆ ಬರೆದುಕೊಟ್ಟರು. ಉತ್ತರ ಬರಲು ಹತ್ತು ದಿನ.

ಬಸ್ಸಿನಲ್ಲಿ ನಿಕಾನೊರ್ ಒಂದು ತೊಡೆಯ ಮೇಲೆ ಭಾರ ಹಾಕಿ, ಕಿಟಕಿಯ ಸರಳು ಹಿಡಿದು ಕೂತಿದ್ದ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಅರ್ಧ ದಾರಿಯಲ್ಲಿ ಕೇಳಿದ:

"ಐಸ್ ಲಾರಿ ಅರ್ಹೆಮೀರೊ ದಿನಾ ನಿನ್ನ ಅಂಗಡಿಗೇ ಯಾಕೆ ಬರ್ತಾನೆ?"

"ಹಸಿವಾಗುತ್ತೆ ಅಂತ ಬರ್ತಾನೆ."

"ಬಂದರಿನಲ್ಲಿ ಇಪ್ಪತ್ತು ಅಂಗಡಿ ಇವೆ."

"ಇಪ್ಪತ್ತರಲ್ಲಿ ನನ್ನ ಅರೇಪಾದಲ್ಲಿ ಮಾತ್ರ ಮೊಟ್ಟೆ ಪೂರ್ತಿ ಇರುತ್ತೆ. ನಿನ್ನ ಡಾಕ್ಟರಿಗೆ ಅದನ್ನೂ ಪರೀಕ್ಷೆ ಮಾಡೋಕೆ ಹೇಳು."

ಹೋಗುವಾಗ ಅವನ ಮೇಲಿದ್ದ ಅನುಮಾನ, ಬರುವಾಗ ಮಗ್ಗುಲು ಬದಲಿಸಿ ನನ್ನ ಮೇಲೆ ಕೂತಿತ್ತು. ಅವನ ಮೇಲಿದ್ದದ್ದೂ ಹೋಗಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಪೊಲೀಸರು ಒಬ್ಬರನ್ನೊಬ್ಬರು ಕಾಯುತ್ತಿರುವಂತೆ ಹತ್ತು ದಿನ ಕಳೆದೆವು. ಅವನು ಬೆಳಿಗ್ಗೆ ಯಾವತ್ತೂ ಇಲ್ಲದವನು ಬಂದರಿಗೆ ಬಂದು ಟಿಕೆಟ್ ಗೂಡಿನ ಪಕ್ಕ ನಿಲ್ಲುತ್ತಿದ್ದ. ಕೂರಲು ಆಗುತ್ತಿರಲಿಲ್ಲವಲ್ಲ, ಅದಕ್ಕೇ ನಿಲ್ಲುತ್ತಿದ್ದ. ನಾನು ನೋಡಿಯೂ ನೋಡದವಳಂತೆ ಎಣ್ಣೆ ಕಾಯಿಸುತ್ತಿದ್ದೆ. ಅವನು ಸ್ನಾನಕ್ಕೆ ಹೋದರೆ ಅವನ ಫೋನು ನೋಡುತ್ತಿದ್ದೆ. ಅಲ್ಲಿ ಹೆಂಗಸರ ಹೆಸರೇ ಇರಲಿಲ್ಲ. ಗಂಡಸರ ಹೆಸರಿನಲ್ಲಿ ಬರೆದಿಟ್ಟಿದ್ದಾನೋ ಏನೋ ಎಂದು ಅದಕ್ಕೂ ಅನುಮಾನಪಟ್ಟೆ.

ಏಳನೆಯ ದಿನ ಅವನು ನೇರವಾಗಿ ಐಸ್ ಲಾರಿಯ ಹತ್ತಿರ ಹೋದ. ಅರ್ಹೆಮೀರೊ ಅರವತ್ತೈದರ ಹತ್ತಿರದವನು, ಮೇಲಿನ ಸಾಲಿನಲ್ಲಿ ಎರಡೇ ಹಲ್ಲು.

"ನನ್ನ ಹೆಂಡತಿ ಜೊತೆ ನಿನಗೇನು?" ಎಂದು ನಿಕಾನೊರ್ ಕೇಳಿದ್ದು ನನ್ನ ಬಾಣಲೆಯವರೆಗೂ ಕೇಳಿಸಿತು.

ಮುದುಕ ಐಸ್ ಗಡ್ಡೆಯನ್ನು ಕೆಳಗಿಟ್ಟ. "ನನ್ನ ಮಟ್ಟಿಗೆ ಅವಳ ಹತ್ರ ಇರೋದು ಅರೇಪಾ ಒಂದೇ ಕಣಪ್ಪ. ಅದನ್ನೂ ಎರಡು ಹಲ್ಲಲ್ಲಿ ಅರ್ಧ ಗಂಟೆ ಅಗೀತೀನಿ. ಇನ್ನು ಬೇರೆ ಕೆಲಸಕ್ಕೆ ಎಲ್ಲಿ ಬಿಡುವು?"

ಬಂದರು ಪೂರ್ತಿ ನಕ್ಕಿತು. ಲಾಸ್ತೇನಿಯಾ ಮಾತ್ರೆಯ ಸುದ್ದಿಯನ್ನು ಆಗಲೇ ಹಂಚಿದ್ದಳು ಎಂದು ಕಾಣುತ್ತದೆ. ಮರದ ದಿಮ್ಮಿ ಹೊರುವವನೊಬ್ಬ, ನಿಕಾನೊರ್ ನಿಂತ ಬಗೆ ನೋಡಿ, "ಮೊಸಳೆಗೆ ಮೊಟ್ಟೆ ನೋವಂತೆ!" ಎಂದು ಕೂಗಿದ. ಬಂದರಿನವರ ಬಾಯಲ್ಲಿ ಬೀಜಕ್ಕೆ ಮೊಟ್ಟೆ ಎಂದೇ ಹೆಸರು. ಅವತ್ತಿನಿಂದ ನಿಕಾನೊರನಿಗೆ ಅದೇ ಹೆಸರಾಯಿತು. ಅವನು ಕೆಂಪಾಗಿ, ನಡೆಯಲೂ ಆಗದೆ ನಿಲ್ಲಲೂ ಆಗದೆ, ಕಾಲು ಅಗಲಿಸಿಕೊಂಡು ಮನೆಯ ಕಡೆ ಹೋದ. ಆ ನಡಿಗೆ ನಾಟಕದ್ದಲ್ಲ ಎಂದು ನನಗೆ ಅವತ್ತು ಮೊದಲ ಸಲ ಅನ್ನಿಸಿತು. ಅಷ್ಟು ಜನ ನೋಡುತ್ತಿರುವಾಗ ಹಾಗೆ ನಡೆಯಲು ಯಾವ ಗಂಡಸೂ ಒಪ್ಪುವುದಿಲ್ಲ.

ಪರೀಕ್ಷೆಯ ಉತ್ತರ ಬಂತು. ಇಬ್ಬರಲ್ಲೂ ಏನೂ ಇರಲಿಲ್ಲ. ಯಾವ ಸೋಂಕೂ ಇಲ್ಲ, ಹಿಂದೆ ಇದ್ದ ಗುರುತೂ ಇಲ್ಲ. ಡಾಕ್ಟರ್ ಅಮೌರಿ ಕ್ಷಮೆ ಕೇಳಬಹುದು ಎಂದು ನಾನು ಹೊಸ ಉಡುಪು ಹಾಕಿಕೊಂಡು ಹೋಗಿದ್ದೆ.

"ಹಾಗಾದ್ರೆ ಇದು ಮನಸ್ಸಿಗೆ ಸಂಬಂಧಪಟ್ಟಿದ್ದು," ಎಂದರು. "ಕೆಲವರಿಗೆ ನೋವು ಇಲ್ಲಿರುತ್ತೆ." ಹಣೆ ಮುಟ್ಟಿ ತೋರಿಸಿದರು. "ತಡೆಯೋಕೆ ಆಗಲ್ಲ ಅಂದ್ರೆ ಆ ವೃಷಣ ತೆಗೆದುಬಿಡೋಣ. ಒಂದು ಸಾಕು ಮನುಷ್ಯನಿಗೆ. ಇಲ್ಲೊಂದು ಸಹಿ ಹಾಕಿ, ಬರೋ ಮಂಗಳವಾರ ಜಾಗ ಇದೆ."

ನಿಕಾನೊರ್ ಪೆನ್ನು ತೆಗೆದುಕೊಂಡ. ಒಂದೂವರೆ ವರ್ಷ ನರಳಿದವನು; ತಲೆ ತೆಗೆಯುತ್ತೇನೆ ಎಂದಿದ್ದರೂ ಸಹಿ ಹಾಕುತ್ತಿದ್ದ. ನಾನು ಅವನ ಮಣಿಕಟ್ಟು ಹಿಡಿದೆ.

"ಡಾಕ್ಟ್ರೇ, ನೋವು ತಲೇಲಿದ್ರೆ ಕೆಳಗಡೆದು ಯಾಕೆ ಕೊಯ್ತೀರಾ?"

"ಸೆನ್ಯೋರಾ, ನಿರ್ಧಾರ ನಿಮ್ಮದಲ್ಲ."

"ಹಲ್ಲು ಕೀಳೋನೂ ಮೊದಲು ಯಾವ ಹಲ್ಲು ಅಂತ ಬಾಯಿ ತೆರೆಸಿ ನೋಡ್ತಾನೆ. ನೀವು ಇವನನ್ನ ಒಂದು ದಿನ ಮುಟ್ಟಿ ನೋಡಿಲ್ಲ." ಆ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಯಾಕೆ ಇಷ್ಟು ಅವಸರ ಎಂಬ ಪ್ರಶ್ನೆ ಆ ಕ್ಷಣದಿಂದ ನನ್ನ ತಲೆಯಲ್ಲಿ ಕೂತಿತು.

ನಿಕಾನೊರ್ ಮನೆಗೆ ಬರುವ ತನಕ ನನ್ನನ್ನು ಬೈದ. "ನೋವು ನಿನಗಾ ನನಗಾ?" ಎಂದ.

ಸುದ್ದಿ ಅತ್ತೆಗೆ ಮುಟ್ಟಿತು. ನನ್ನ ಅತ್ತೆ ಪೆತ್ರೋನಾಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಎದುರು ದಡದಲ್ಲಿ ಇನ್ನೊಂದು ಪಿಕೊ ಇಟ್ಟವನು ಹೊಟ್ಟೆಕಿಚ್ಚಿಗೆ ನಮ್ಮ ಅಂಗಳದಲ್ಲಿ ಏನೋ ಹೂತಿದ್ದಾನೆ ಎಂದು ನಿಶ್ಚಯಿಸಿ, ಬಾಳೆಯ ಬುಡವನ್ನೆಲ್ಲ ಅಗೆಸಿದಳು. ಒಂದು ತುಕ್ಕು ಹಿಡಿದ ಚಮಚ ಸಿಕ್ಕಿತು. "ನೋಡಿದ್ಯಾ!" ಎಂದಳು. ಅದು ನನ್ನದೇ ಚಮಚ. ಆಮೇಲೆ ಮೈ ತಿಕ್ಕುವವನೊಬ್ಬನನ್ನು ಕರೆತಂದಳು. ಉಳುಕು, ನರ ಹಿಡಿದದ್ದು ಎಲ್ಲದಕ್ಕೂ ಹಾವಿನ ಕೊಬ್ಬು ಹಚ್ಚಿ ತಿಕ್ಕುವ ಮುದುಕ.

"ಮೊದಲು ಹೊಟ್ಟೆಯಿಂದ ಶುರು ಮಾಡ್ಬೇಕು," ಎಂದ ಅವನು. ಹೊಕ್ಕಳ ಸುತ್ತ ತಿಕ್ಕಿ, ನಿಧಾನವಾಗಿ ಕೆಳಗೆ ಬಂದು, ಬಲ ಕಿಬ್ಬೊಟ್ಟೆಯ ಅಂಚಿನಲ್ಲಿ ಹೆಬ್ಬೆರಳು ಊರಿದ.

ನಿಕಾನೊರ್ ಕಿರುಚಿದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಎರಡೂ ಕೈಯಲ್ಲಿ ಕೆಳಗಡೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಿದ. ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು "ದೆವ್ವ ಬಿಡ್ತಾ ಇದೆ" ಎಂದಳು.

ನಾನು ಮುದುಕನ ಕೈ ನೋಡುತ್ತಿದ್ದೆ. ಆ ಕೈ ಬೀಜದ ಹತ್ತಿರ ಹೋಗಿಯೇ ಇರಲಿಲ್ಲ. ಅದು ಒತ್ತಿದ್ದು ತೊಡೆಯ ಸಂದಿನ ಮೇಲಿದ್ದ ಹಳೆಯ ಗಾಯದ ಗೆರೆಯನ್ನು. ಮೂರು ವರ್ಷದ ಹಿಂದೆ ಪೆಟ್ಟಿಗೆ ಎತ್ತುವಾಗ ನಿಕಾನೊರನಿಗೆ ಹರ್ನಿಯಾ ಆಗಿತ್ತು. ಸಿನ್ಸೆಲೇಹೊದಲ್ಲೇ ಕೊಯ್ದು, ಒಳಗೊಂದು ಬಲೆ ಇಟ್ಟು ಹೊಲಿದಿದ್ದರು. ಆ ಆಪರೇಷನ್ನೂ ಡಾಕ್ಟರ್ ಅಮೌರಿಯ ಕ್ಲಿನಿಕ್ಕಿನಲ್ಲೇ ಆಗಿತ್ತು.

ಮುದುಕನಿಗೆ ಕಾಫಿ ಕೊಟ್ಟು ಕಳಿಸಿ, ನಾನು ನಿಕಾನೊರನಿಗೆ ಹೇಳಿದೆ: "ಕಾರ್ತಾಹೇನಾಗೆ ಹೋಗೋಣ. ಸರ್ಕಾರಿ ಆಸ್ಪತ್ರೆಗೆ."

ಅಲ್ಲಿ ಸರದಿ ಸಿಗಲು ಏಳು ವಾರ ಹಿಡಿಯಿತು. ಕೊನೆಗೆ ಬಾಗಿಲ ಮೇಲಿನ ಹೆಸರು ಓದಿದಾಗ ನಿಕಾನೊರ್ ಹಿಂದಕ್ಕೆ ತಿರುಗಿಬಿಟ್ಟ. ಡಾಕ್ಟರ್ ನೊಹೋರಾ ಇರಿಯಾರ್ತೆ ಎಂದಿತ್ತು.

"ಹೆಂಗಸು! ಹೆಂಗಸಿನ ಮುಂದೆ ನಾನು ಪ್ಯಾಂಟು ಬಿಚ್ಚಲ್ಲ."

"ಇಪ್ಪತ್ತೆರಡು ವರ್ಷದಿಂದ ನನ್ನ ಮುಂದೆ ಬಿಚ್ತಾ ಇದ್ದೀಯಲ್ಲ, ನಾನೇನು ಗಂಡಸಾ?"

"ಅದು ಬೇರೆ."

"ಒಳಗೆ ನಡಿ. ಇಲ್ಲಾಂದ್ರೆ ಬಂದರಿನವರನ್ನ ಕರೆಸ್ತೀನಿ."

ಡಾಕ್ಟರ್ ನೊಹೋರಾ ಗಿಡ್ಡ ಹೆಂಗಸು, ಐವತ್ತರ ಮೇಲಿನ ವಯಸ್ಸು, ಕೈಗಳು ಹಿಟ್ಟು ನಾದುವವಳ ಕೈಗಳಂತೆ ದಪ್ಪ. ನಾನು ಕೊಟ್ಟ ಅಮೌರಿಯ ಕಾಗದಗಳನ್ನು ಓದಿ, ತುಂಬ ಹೊತ್ತು ಏನೂ ಬರೆಯದೆ ಕೇಳಿದಳು. ಯಾವಾಗ ಶುರುವಾಯಿತು, ಕೂತರೆ ಹೆಚ್ಚೋ ನಿಂತರೆ ಹೆಚ್ಚೋ, ಕೆಮ್ಮಿದರೆ ಏನಾಗುತ್ತದೆ, ಹೆಂಡತಿಯ ಜೊತೆ ಮಲಗಿದರೆ ಏನಾಗುತ್ತದೆ. ಕೊನೆಯ ಪ್ರಶ್ನೆಗೆ ನಿಕಾನೊರ್ ಕಿಟಕಿ ನೋಡಿದ.

"ಆಮೇಲೆ ಎರಡು ದಿನ ನಡೆಯೋಕಾಗಲ್ಲ," ಎಂದ. "ಅದಕ್ಕೇ ಬಿಟ್ಟೆ."

ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಈಗ ನೋವು ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸಿ. ಇಡೀ ಕೈಯಲ್ಲಿ ಬೇಡ," ಎಂದಳು ಡಾಕ್ಟರು. ಅವನು ಹಿಂಜರಿಯುತ್ತ ತೋರಿಸಿದ. ಬೆರಳು ಕೆಳಗೆ ಶುರುವಾಗಿ, ತನ್ನಷ್ಟಕ್ಕೆ ತಾನೇ ಮೇಲಕ್ಕೆ ಹೋಗಿ ಗಾಯದ ಗೆರೆಯ ಹತ್ತಿರ ನಿಂತಿತು. ಡಾಕ್ಟರು ಹತ್ತಿಯ ಎಳೆಯಿಂದ ತೊಡೆಯ ಒಳಭಾಗ ಸವರಿದಳು. ಎಡಗಡೆ ಕಚಗುಳಿ, ಬಲಗಡೆ ಉರಿ. ಗಾಯದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ನಿಕಾನೊರ್ ಮಂಚದಿಂದ ಒಂದು ಗೇಣು ಮೇಲೆದ್ದ. ತಿಕ್ಕುವವನ ಕೈ ಎಲ್ಲಿತ್ತು ಎಂದು ನಾನು ಹೇಳಿದೆ. ಡಾಕ್ಟರು ನನ್ನ ಕಡೆ ಮೆಚ್ಚುಗೆಯಿಂದ ನೋಡಿ ಅದನ್ನು ಬರೆದುಕೊಂಡಳು.

"ಬೀಜದ್ದೇನೂ ತಪ್ಪಿಲ್ಲ," ಎಂದಳು. "ನಿಮ್ಮ ಸ್ಪೀಕರ್ ಗೊರಗೊರ ಅಂದ್ರೆ ಮೊದಲು ಏನು ನೋಡ್ತೀರಿ?"

"ವೈರು," ಎಂದ ನಿಕಾನೊರ್.

"ನಾನೂ ಅದನ್ನೇ ಅನುಮಾನ ಪಡ್ತಿರೋದು. ಬೀಜಕ್ಕೆ ಹೋಗೋ ನರ ಈ ಗಾಯದ ಕೆಳಗೇ ಹಾದು ಹೋಗುತ್ತೆ. ಹರ್ನಿಯಾ ಬಲೆಗೆ ಅದು ಸಿಕ್ಕಿಕೊಂಡಿರಬಹುದು. ನಿಮ್ಮ ಡಾಕ್ಟರು ತೆಗೆಯೋಕೆ ಹೊರಟಿದ್ದನ್ನ ತೆಗೆದಿದ್ರೆ ಸ್ಪೀಕರ್ ಹೋಗ್ತಿತ್ತು, ಗೊರಗೊರ ಉಳೀತಿತ್ತು." ಆಮೇಲೆ ತೋರುಬೆರಳು ಎತ್ತಿದಳು. "ಆದರೆ ಇದು ನನ್ನ ಊಹೆ ಅಷ್ಟೆ. ಪರೀಕ್ಷೆ ಮಾಡ್ಬೇಕು. ಎರಡು ಇಂಜೆಕ್ಷನ್ ಕೊಡ್ತೀನಿ, ಇವತ್ತೊಂದು, ನಾಳೆ ಒಂದು. ಒಂದರಲ್ಲಿ ಮರಗಟ್ಟಿಸೋ ಔಷಧ ಇರುತ್ತೆ. ಇನ್ನೊಂದು ಬರೀ ಉಪ್ಪುನೀರು. ಯಾವ ದಿನ ಯಾವುದು ಅಂತ ಹೇಳಲ್ಲ. ಒಪ್ಪಿಗೆನಾ?"

ನಿಕಾನೊರ್ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಉಪ್ಪುನೀರು ಚುಚ್ಚುತ್ತೇನೆ ಎಂದು ಮೊದಲೇ ಹೇಳಿ ಚುಚ್ಚುವ ಡಾಕ್ಟರನ್ನು ನಾವಿಬ್ಬರೂ ಕಂಡಿರಲಿಲ್ಲ.

"ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ?" ಎಂದ ಅವನು. "ನಾನು ಸುಳ್ಳು ಹೇಳ್ತೀನಿ ಅಂತಾನಾ?"

"ನಿಮ್ಮ ಮನಸ್ಸೇ ನೋವು ಕೊಡ್ತಿದೆ ಅಂತ ಬರೆದವರನ್ನ ಪರೀಕ್ಷೆ ಮಾಡ್ತಿದ್ದೀನಿ. ನನ್ನನ್ನೂ ಮಾಡ್ಕೊಳ್ತಿದ್ದೀನಿ."

ಮೊದಲ ದಿನದ ಸೂಜಿಯಿಂದ ಏನೂ ಆಗಲಿಲ್ಲ. ಚುಚ್ಚಿದ ಜಾಗ ಬಾತು, ಇನ್ನೊಂದು ನೋವು ಸೇರಿಕೊಂಡಿತು. ನಮ್ಮೂರಿನವಳೊಬ್ಬಳ ಮನೆಯಲ್ಲಿ ಉಳಿದುಕೊಂಡಿದ್ದೆವು. ನಿಕಾನೊರ್ ಊಟವನ್ನೂ ನಿಂತೇ ಮಾಡಿದ.

"ಇವಳೂ ಅದೇ ಜಾತಿ," ಎಂದ. "ಎರಡೂ ಉಪ್ಪುನೀರೇ ಇರುತ್ತೆ ನೋಡು. ಆಮೇಲೆ 'ನಿನಗೆ ತಲೆ ಕೆಟ್ಟಿದೆ' ಅಂತ ಬರೆದು ಕೈ ತೊಳ್ಕೋತಾಳೆ. ನಾಳೆ ನಾನು ಹೋಗಲ್ಲ."

ನನಗೂ ಅದೇ ಅನುಮಾನವಿತ್ತು. ಅದನ್ನು ಹೇಳದೆ, "ಹೋಗದಿದ್ರೆ ಯಾವುದು ಉಪ್ಪು ಅಂತ ಹ್ಯಾಗೆ ಗೊತ್ತಾಗುತ್ತೆ?" ಅಂದೆ.

ಎರಡನೆಯ ದಿನ ಸೂಜಿ ಚುಚ್ಚಿದ ಹದಿನೈದು ನಿಮಿಷಕ್ಕೆ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತ. ಒಂದು ತೊಡೆಯ ಮೇಲಲ್ಲ, ಪೂರ್ತಿ ಕೂತ. ಅವನು ಎದ್ದ, ಮತ್ತೆ ಕೂತ. ಬಗ್ಗಿ ಬೂಟಿನ ದಾರ ಬಿಚ್ಚಿ ಕಟ್ಟಿದ. ಮುಖವೆಲ್ಲ ಬೆವರಿತ್ತು.

"ಇಲ್ಲ," ಎಂದ.

"ಏನು ಇಲ್ಲ?"

"ನೋವು ಇಲ್ಲ ಕಣೇ."

ಅಷ್ಟು ಹೇಳಿ, ನಲವತ್ತೇಳು ವರ್ಷದ ಗಂಡಸು, ಸರದಿಗೆ ಕೂತ ಅಷ್ಟೂ ಜನರ ಮುಂದೆ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತ. ಹೊರಗೆ ಹೋಗಿ ಮರಗೆಣಸಿನ ಬೋಂಡ ತಿಂದೆವು. ಕೋಟೆಯ ಗೋಡೆಯ ಮೇಲೆ ಹತ್ತಿ ಸಮುದ್ರದ ಕಡೆ ಕಾಲು ಇಳಿಬಿಟ್ಟು ಕೂತೆವು. ಐದು ಗಂಟೆಯ ಹೊತ್ತು ಅವನು ನನ್ನ ಹಳೆಯ ನಿಕಾನೊರ್ ಆಗಿದ್ದ. ಹಾದುಹೋಗುವ ಪ್ರವಾಸಿಗರ ನಡಿಗೆಯನ್ನು ಅಣಕಿಸಿ ನನ್ನನ್ನು ನಗಿಸಿದ. ಆಮೇಲೆ, ಬಸ್ಸು ಊರು ಬಿಟ್ಟ ಸ್ವಲ್ಪ ಹೊತ್ತಿಗೆ, ಅವನ ಕೈ ಕಿಟಕಿಯ ಸರಳಿನ ಕಡೆ ಹೋಯಿತು. ನೋವು ಮರಳಿತ್ತು. ಆದರೆ ಅದು ಹೋಗಿ ಬಂದಿತ್ತು. ಹೋಗಬಲ್ಲದು ಎಂದು ಇಬ್ಬರಿಗೂ ಗೊತ್ತಾಗಿತ್ತು.

ಬಲೆಯನ್ನು ಬಿಡಿಸಿ, ಸಿಕ್ಕಿಕೊಂಡ ನರವನ್ನು ಕತ್ತರಿಸಲು ಹಳೆಯ ಆಪರೇಷನ್ನಿನ ದಾಖಲೆ ಬೇಕು ಎಂದಿದ್ದಳು ಡಾಕ್ಟರ್ ನೊಹೋರಾ. ಅದನ್ನು ತರಲು ನಾನೊಬ್ಬಳೇ ಸಿನ್ಸೆಲೇಹೊಗೆ ಹೋದೆ. ಮೊದಲ ಸಲ ದಾಖಲೆ ಗೋದಾಮಿನಲ್ಲಿದೆ ಎಂದರು. ಎರಡನೆಯ ಸಲ ನೀರು ನುಗ್ಗಿ ಹಾಳಾಗಿದೆ ಎಂದರು. ಮೂರನೆಯ ಸಲ ನಾನು ಕುರ್ಚಿ ಎಳೆದುಕೊಂಡು, ಊಟದ ಡಬ್ಬಿ ಬಿಚ್ಚಿ ಅಲ್ಲೇ ಕೂತೆ. ಕರಿದ ಮೀನಿನ ವಾಸನೆ ಆ ತಣ್ಣನೆಯ ಹಾಲ್ ತುಂಬ ಹರಡಿತು. ನಾಲ್ಕು ಗಂಟೆಗೆ ನೀರು ನುಗ್ಗಿದ ದಾಖಲೆ ಒಣಗಿಕೊಂಡೇ ಬಂತು.

ಅಲ್ಲೇ ಓದಿದೆ. ಕೊಯ್ದವರ ಹೆಸರು ಯಾರದೋ. ಜೊತೆಗೆ ನಿಂತು ಸಹಾಯ ಮಾಡಿದವರ ಹೆಸರು: ಡಾಕ್ಟರ್ ಅಮೌರಿ.

ಅವರು ಕಾರಿನ ಹತ್ತಿರ ಸಿಕ್ಕರು. ಕಾಗದ ಮುಂದೆ ಹಿಡಿದೆ.

"ನಿಮಗೆ ಗೊತ್ತಿತ್ತು," ಅಂದೆ.

ಅವರು ಕಾಗದ ಓದಿದರು. ಬೇಗ ಓದಲಿಲ್ಲ. "ಆ ವರ್ಷ ಇನ್ನೂರು ಹರ್ನಿಯಾ ಆಪರೇಷನ್‌ಗೆ ನಿಂತಿದ್ದೆ ಸೆನ್ಯೋರಾ. ನಿಮ್ಮ ಗಂಡನ ಮುಖ ನೆನಪಿರಲಿಲ್ಲ."

"ಮುಖ ಬೇಡ. ಗಾಯ ನೋಡಿದ್ರೆ ನೆನಪಾಗ್ತಿತ್ತು. ನೀವು ನೋಡಲೇ ಇಲ್ಲ."

"ಹೌದು," ಎಂದರು. "ನೋಡ್ಲಿಲ್ಲ."

ಅವರು ನಿಜ ಹೇಳಿದರೋ, ಗೊತ್ತಿದ್ದೇ ಮುಚ್ಚಿದರೋ, ನನಗೆ ಈವತ್ತಿಗೂ ತೀರ್ಮಾನ ಮಾಡಲು ಆಗಿಲ್ಲ. ನಿಕಾನೊರ್ ಮರೆವು ಎನ್ನುತ್ತಾನೆ. ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ವಿಮೆಯವರು ಆಪರೇಷನ್ನಿನ ಖರ್ಚಿನ ಅರ್ಜಿಯನ್ನು ಎರಡು ಸಲ ತಿರಸ್ಕರಿಸಿದರು. ಪ್ರಾಣಕ್ಕೆ ಅಪಾಯವಿಲ್ಲದ ನೋವಂತೆ. ಕೋರ್ಟಿನ ಮುಂದೆ ಟೈಪ್ ಮಾಡುವವನ ಹತ್ತಿರ ಕೂತು ನ್ಯಾಯಾಧೀಶರಿಗೆ ಅರ್ಜಿ ಬರೆಸಿದೆ. ಟೈಪ್ ಮಾಡುವವನು, "ಎಲ್ಲಿ ನೋವು ಅಂತ ಬರೀಲಿ?" ಎಂದು ನಗು ತಡೆದುಕೊಂಡು ಕೇಳಿದ. "ಎಲ್ಲಿದೆಯೋ ಅಲ್ಲೇ ಅಂತ ಬರಿ. ನಿನಗೆ ಬಂದ್ರೆ ಏನಂತ ಬರೀತಿದ್ದೆ?" ಅಂದೆ. ಅವನು ಮತ್ತೆ ನಗಲಿಲ್ಲ. ಹತ್ತು ದಿನಕ್ಕೆ ವಿಮೆಯವರೇ ಖರ್ಚು ಕೊಡಬೇಕೆಂದು ಆದೇಶ ಬಂತು.

ಆಪರೇಷನ್ ಮೂರು ಗಂಟೆ ಹಿಡಿಯಿತು. ಡಾಕ್ಟರ್ ನೊಹೋರಾ ಜೊತೆ ಇನ್ನೊಬ್ಬ ಶಸ್ತ್ರವೈದ್ಯರಿದ್ದರು. ಹೊರಗೆ ಬಂದು ಒಂದು ಚಿಕ್ಕ ಡಬ್ಬಿ ತೋರಿಸಿದಳು. ಒಳಗೆ ಮುದುಡಿದ ಬಲೆಯ ಚೂರು, ಅದಕ್ಕೆ ಅಂಟಿಕೊಂಡ ಬಿಳಿ ದಾರದಂಥದ್ದು.

"ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ," ಎಂದಳು. "ಎಷ್ಟು ಹೋಗುತ್ತೋ ನೋಡೋಣ. ತೊಡೆಯ ಒಂದು ಅಂಗೈ ಅಗಲ ಜಾಗ ಇನ್ಮೇಲೆ ಜೋಮು ಹಿಡಿದಂತೆಯೇ ಇರುತ್ತೆ."

ಮೊದಲ ತಿಂಗಳು ನಿಕಾನೊರ್ ಸುಖವನ್ನೂ ನಂಬಲಿಲ್ಲ. ಬೆಳಿಗ್ಗೆ ಎದ್ದವನು ಮಂಚದ ಅಂಚಿನಲ್ಲಿ ನಿಧಾನವಾಗಿ ಕೂತು, ನೋವು ಎಲ್ಲಿ ಅಡಗಿದೆ ಎಂದು ಕಾಯುತ್ತಿದ್ದ. ಕಾದರೂ ಬರುತ್ತಿರಲಿಲ್ಲ. ಬಂದರೂ ಹೊಸ ಚಪ್ಪಲಿ ಕಚ್ಚಿದಷ್ಟು ಇರುತ್ತಿತ್ತು. ಮೂರನೆಯ ತಿಂಗಳು ಅಂಗಳದ ಮಾವಿನ ಮರದ ಕೆಳಗೆ ನಾಲ್ಕು ಗಂಟೆ ಕಾಲ ದೊಮಿನೊ ಆಡಿದ. ಎದ್ದದ್ದು ಸೋತಿದ್ದಕ್ಕೆ, ನೋವಿಗಲ್ಲ. ದೊಡ್ಡ ಪೆಟ್ಟಿಗೆಗಳನ್ನು ಎತ್ತಬಾರದು ಎಂದಿದ್ದರಿಂದ ಅವನ್ನು ಮಾರಿ, ನಾಮಕರಣ, ಹುಟ್ಟುಹಬ್ಬಗಳಿಗೆ ಸಾಲುವಷ್ಟು ಸಣ್ಣವನ್ನು ಇಟ್ಟುಕೊಂಡ. ಮೊಸಳೆಯ ಚಿತ್ರವಿದ್ದ ಹಲಗೆ ಹೋಗುವ ದಿನ ಮಾತ್ರ ಲಾರಿ ತಿರುವು ದಾಟುವ ತನಕ ಬೀದಿಯಲ್ಲೇ ನಿಂತಿದ್ದ.

ಹಳೆಯದೆಲ್ಲ ನಮ್ಮಿಬ್ಬರ ನಡುವೆ ಮಾತಾಗಿ ಬಂದದ್ದು ಒಂದೇ ಸಲ. ಈಸ್ಟರಿನ ಹಿಂದಿನ ವಾರ, ಮಧ್ಯಾಹ್ನ, ಅವನು ಸಣ್ಣ ಸ್ಪೀಕರೊಂದರ ತಿರುಪು ಬಿಗಿಯುತ್ತಿದ್ದ, ನಾನು ಜೋಳ ಕೇರುತ್ತಿದ್ದೆ.

"ಆ ಸೋಂಕಿನ ಪರೀಕ್ಷೆ ಕಾಗದ ಬೇರೆ ಥರ ಬಂದಿದ್ರೆ ನಾನು ಮನೆ ಬಿಡ್ತಿದ್ದೆ," ಎಂದ, ತಲೆ ಎತ್ತದೆ.

"ಗೊತ್ತು. ನಿನ್ನ ಶರ್ಟುಗಳನ್ನ ನಾನೇ ಮಡಿಚಿ ತುಂಬಿಟ್ಟಿದ್ದೆ. ನಿನಗಿಂತ ಮುಂಚೆ ನಾನೇ ಕಳಿಸೋಣ ಅಂತ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಯಾವ ಪೆಟ್ಟಿಗೇಲಿ?"

"ಕಂದು ಬಣ್ಣದ್ದು. ನಿಮ್ಮಮ್ಮ ಕೊಟ್ಟಿದ್ದು."

"ಅದರ ಹಿಡಿ ಮುರಿದಿದೆಯಲ್ಲೇ."

"ಹಗ್ಗ ಕಟ್ಟಿದ್ದೆ," ಅಂದೆ.

ಅವನು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ. ನಾನು ಮೊರದಲ್ಲಿದ್ದ ಜೋಳವನ್ನು ಅವನ ಕಡೆಗೂ ಸ್ವಲ್ಪ ತಳ್ಳಿ, ಕಲ್ಲು ಆರಿಸು ಅಂದೆ.